ಬಸ್ ಸ್ಟಾಪಿನ ಕಟ್ಟೆ

"ಅಕ್ಕಾ, ಎಂಗೆ ಕೆಜಿ?"

ಬೈಕ್ ನಿಲ್ಲಿಸಿ ಒಬ್ಬಾತ ಕೇಳಿದಾಗ ನಾನು ಬೊಮ್ಮಸಂದ್ರದ ಬಸ್ ಸ್ಟಾಪಿನ ಬೆಂಚಿನ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದೆ. ಮಾರಲಿಕ್ಕಲ್ಲ, ನಮ್ಮ ರಾತ್ರಿಯ ಸಾರಿಗೆ.

"ಮಾರಾಕಲ್ರೀ, ನಮ್ಮನಿಗೆ" ಎಂದೆ.

"ಮತ್ತೆ ಮನೇಲ್ ಕೂತ್ಕೊಂಡು ಸುಲಿಯೋದಲ್ವಾ?" ಎಂದು ನಗುತ್ತ ಹೊರಟುಹೋದ. ನನಗೆ ಮೈಯೆಲ್ಲ ಉರಿಯಿತು. ಕಾಯಿಪಲ್ಲೆ ಸುಲಿಯುವುದು, ಸೋಸುವುದು ಎಲ್ಲಾದರೂ ಮನೆಯೊಳಗೆ ಕುಳಿತು ಮಾಡುವ ಕೆಲಸವೇ?

ಗದಗಿನಲ್ಲಿ ನಮ್ಮ ಮನೆಯ ಬಾಗಿಲಿನ ಎರಡೂ ಬದಿಗೆ ಕಟ್ಟೆಯಿದೆ. ಬಿಸಿಲು ಇಳಿದರೆ ಸಾಕು, ಮೆಂತ್ಯವೋ ಹಸಿ ಕಡಲೆಯೋ ಮೊರದಲ್ಲಿ ಹಾಕಿಕೊಂಡು ಹೊರಗೆ ಬಂದು ಕೂಡುತ್ತಿದ್ದೆ. ಎದುರುಮನೆಯ ನೀಲವ್ವ ಬಂದು ಪಕ್ಕದಲ್ಲಿ ಕೂಡುತ್ತಿದ್ದಳು. ಕೇಳುವುದಿಲ್ಲ, ಹೇಳುವುದಿಲ್ಲ, ಅವಳ ಕೈ ನೇರ ಮೊರಕ್ಕೇ ಬರುತ್ತಿತ್ತು. ನಮ್ಮ ಓಣಿಯಲ್ಲಿ ಯಾರನ್ನೂ ಒಬ್ಬಳೇ ಕುಳಿತು ಸುಲಿಯಲು ಬಿಡುವ ಪದ್ಧತಿಯಿಲ್ಲ. ಅತ್ತೆಯ ಮೇಲೆ ಸಿಟ್ಟು ಬಂದ ದಿನವೂ, ತವರಿನಿಂದ ಕೆಟ್ಟ ಸುದ್ದಿ ಬಂದ ದಿನವೂ ನಾನು ಒಬ್ಬಳೇ ಸುಲಿದದ್ದು ನೆನಪಿಲ್ಲ.

ನಮ್ಮ ಮನೆಯವರು ದುಡಿಯುತ್ತಿದ್ದ ಗಿರಣಿ ಮುಚ್ಚಿತು. ಇಲ್ಲಿಯ ಔಷಧ ಕಾರ್ಖಾನೆಯ ಗೋದಾಮಿನಲ್ಲಿ ಕೆಲಸ ಸಿಕ್ಕಿತೆಂದು ಮನೆಗೆ ಬೀಗ ಹಾಕಿ ಬಂದೆವು. ಐದನೆಯ ಮಹಡಿಯ ಮನೆ, ಒಳ್ಳೆಯ ಗಾಳಿ, ಮುಚ್ಚಿದ ಬಾಗಿಲುಗಳ ಸಾಲು. ಲಿಫ್ಟಿನಲ್ಲಿ ಒಬ್ಬಾಕೆಯನ್ನು "ಊಟಾತ್ರೀ?" ಎಂದು ಕೇಳಿದರೆ, ತನ್ನಿಂದ ಏನೋ ಸಾಲ ಕೇಳಿದೆನೆಂಬಂತೆ ಫೋನಿನೊಳಗೆ ಮುಖ ಹುದುಗಿಸಿದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ನೀರೇ ಐದನೆಯ ಮಹಡಿಗೆ ಹತ್ತಿ ಬಂದರೆ ಯಾರು ಯಾಕೆ ಇಳಿದಾರು?

ಒಂದು ಸಂಜೆ ಬಾಗಿಲ ಮುಂದೆ ಚಾಪೆ ಹಾಸಿ ಸೊಪ್ಪು ಸೋಸಲು ಕುಳಿತೆ. ಕಾವಲಿನವನು ಬಂದು, "ಮೇಡಂ, ಕಾರಿಡಾರಲ್ಲಿ ಕೂತ್ಕೋಬಾರ್ದಂತೆ" ಎಂದ. ಪಾಪ, ಮೆತ್ತಗೇ ಹೇಳಿದ. ಆ ರಾತ್ರಿ ಊಟಕ್ಕೆ ಬಡಿಸುತ್ತ ನಮ್ಮ ಮನೆಯವರಿಗೆ ಹೇಳಿಬಿಟ್ಟೆ: "ಸಂಕ್ರಾಂತಿಗೆ ಊರಿಗೆ ಹೊಕ್ಕೀನ್ರಿ. ಹೋದಾಕಿ ಹೊಳ್ಳಿ ಬರಂಗಿಲ್ಲ." ಅವರು ಬೇಡ ಎನ್ನಲಿಲ್ಲ. ಜಗಳವಾಡಿದ್ದರೆ ಹಗುರಾಗುತ್ತಿತ್ತು.

ಮರುದಿನ ಸಂಜೆಯೇ ನಾನು ಅವರೆಕಾಯಿಯ ಚೀಲ ಹಿಡಿದು ಬಸ್ ಸ್ಟಾಪಿಗೆ ಇಳಿದದ್ದು, ಬೈಕಿನವನು ದರ ಕೇಳಿದ್ದು. ಅವನು ಹೋದ ಮೇಲೆ ಎಲ್ಲ ಬಾಚಿಕೊಂಡು ಏಳುವುದರಲ್ಲಿದ್ದೆ. ಅಷ್ಟರಲ್ಲಿ ಕಂಪನಿ ಬಸ್ಸು ಬಂದು ಬೆಳಗಿನ ಪಾಳಿ ಮುಗಿಸಿದ ಹೆಂಗಸರನ್ನು ಇಳಿಸಿತು. ಆನೇಕಲ್ ಬಸ್ಸಿಗೆ ಅವರು ಅಲ್ಲಿಯೇ ಕಾಯಬೇಕು. ನೀಲಿ ಕೋಟಿನ ಒಬ್ಬಾಕೆ ಪಕ್ಕದಲ್ಲಿ ಕುಳಿತಳು. ಏನೂ ಕೇಳದೆ ನನ್ನ ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಬಿಡಿಸಿದಳು.

"ಬಸ್ ಬರೋಗಂಟ ಸುಮ್ನೆ ಯಾಕ್ ಕೂರೋದು ಬುಡಿ" ಎಂದಳು.

ನಾನು ಚೀಲವನ್ನು ನಮ್ಮಿಬ್ಬರ ನಡುವೆ ಸರಿಸಿದೆ. ಅವಳ ಹೆಸರು ಮಂಜುಳಾ. ನಾನು ಕಾಳನ್ನು ಹಾಗೆಯೇ ಬೇಯಿಸುತ್ತೇನೆಂದಾಗ ಅವಳಿಗೆ ತಡೆಯಲಾಗಲಿಲ್ಲ. "ಅಯ್ಯೋ, ಸಿಪ್ಪೆ ಸಮೇತಾನಾ? ನೀರಲ್ಲಿ ನೆನೆಯಾಕಿ, ಇಂಗೆ ಹಿತುಕ್ಬೇಕು ಅಕ್ಕ" ಎಂದು ಹೆಬ್ಬೆರಳಿನಿಂದ ಒತ್ತಿ ತೋರಿಸಿದಳು. ಇಲ್ಲಿಯವರ ಹಿತಕಿದ ಬೇಳೆ ಅದು. ಕಾಯಿಯ ಅಂಟಿಗಿರುವ ಗಾಢ ವಾಸನೆಗೆ ಸೊಗಡು ಎನ್ನುತ್ತಾರೆ, ಮೂಸಿ ನೋಡಿಯೇ ಕೊಳ್ಳುತ್ತಾರೆ. ಮೊದಮೊದಲು ನನಗೆ ಅದು ನಾತ. ಆಮೇಲೆ ಕೈ ತೊಳೆಯಲು ಮನಸ್ಸಾಗುತ್ತಿರಲಿಲ್ಲ.

ಅಂದಿನಿಂದ ಸಂಜೆಯಾದರೆ ಕಾಲು ನಿಲ್ಲುತ್ತಿರಲಿಲ್ಲ. ಹೆಂಗಸರು ತಮ್ಮ ಸೊಪ್ಪು, ಬೆಳ್ಳುಳ್ಳಿಯನ್ನೂ ತರತೊಡಗಿದರು. "ಮನೆಗೋಗೋಷ್ಟ್ರಲ್ಲಿ ಅರ್ಧ ಅಡ್ಗೆ ಆಗೋಯ್ತು" ಎಂದು ಮಂಜುಳಾ ಸಂಭ್ರಮಪಡುತ್ತಿದ್ದಳು. ತಿರುವಿನಲ್ಲಿ ಕಂಪನಿ ಬಸ್ಸಿನ ಹಾರ್ನ್ ಕೇಳಿದೊಡನೆ ನಾನು ಚೀಲವನ್ನು ಮಡಿಲಿಗೆಳೆದುಕೊಂಡು ಬೆಂಚಿನ ಅಂಚಿಗೆ ಸರಿದು ಅವರಿಗೆ ಜಾಗ ಮಾಡುತ್ತಿದ್ದೆ.

ಆದರೂ ಸಂಕ್ರಾಂತಿಗೆ ಹೊರಟೆ. ರೈಲು ಹತ್ತಿಸುವಾಗ ನಮ್ಮ ಮನೆಯವರು "ಬರೂದು ಯಾವಾಗ?" ಎಂದಷ್ಟೇ ಕೇಳಿದರು. "ನೋಡೂಣು" ಎಂದೆ.

ಗದಗಿನ ಕಟ್ಟೆ ನನ್ನನ್ನು ಮರೆತಿರಲಿಲ್ಲ. ನೀಲವ್ವನೂ ನಾನೂ ಗಂಟಲು ನೋಯುವಷ್ಟು ಮಾತಾಡಿದೆವು, ಬಸ್ ಸ್ಟಾಪಿನ ಹೆಂಗಸರ ಸುದ್ದಿಯನ್ನೂ ಹೇಳಿದೆ, ಬಿದ್ದು ಬಿದ್ದು ನಕ್ಕೆವು. ಇನ್ನೆಲ್ಲಿಗೂ ಹೋಗುವುದಿಲ್ಲ ಎಂದು ಅವಳ ಕೈಮೇಲೆ ಕೈಯಿಟ್ಟು ಹೇಳಿದ್ದೆ. ಹಬ್ಬದ ಮಾರನೆಯ ಸಂಜೆ ಹಸಿ ಕಡಲೆಯ ಗಿಡ ಹರಡಿಕೊಂಡು ಕುಳಿತಿದ್ದಾಗ ಓಣಿಯ ತುದಿಯಲ್ಲಿ ಯಾವುದೋ ಬಸ್ಸು ಹಾರ್ನ್ ಹೊಡೆಯಿತು. ನಾನು ಮೊರವನ್ನು ಮಡಿಲಿಗೆಳೆದುಕೊಂಡು ಕಟ್ಟೆಯ ಅಂಚಿಗೆ ಸರಿದಿದ್ದೆ.

ನೀಲವ್ವ ನಮ್ಮಿಬ್ಬರ ನಡುವೆ ಖಾಲಿಯಾದ ಜಾಗ ನೋಡಿದಳು. "ಯಾರ್ ಬರಾವ್ರದಾರ ಗಿರಿಜಾ?"

"ಬಸ್ ಬಂತಲ್ಲವಾ..." ಎಂದೆ.

ಅವಳು ನಗಲಿಲ್ಲ. ಕಡಲೆ ಗಿಡದ ದೊಡ್ಡ ಕಟ್ಟೊಂದನ್ನು ಸೆರಗಿನಿಂದ ಒರೆಸಿ ನನ್ನ ಕಡೆ ತಳ್ಳಿದಳು. "ಒಯ್ಯಿ. ಅವರೂ ತಿನ್ಲಿ, ನಮ್ಮೂರಿನವು."

ಉಳಿದ ಗಿಡಗಳಿಗೆ ನಾನು ಕೈ ಹಾಕಿದೆ. ನೀಲವ್ವ ಮೆಲ್ಲಗೆ ನನ್ನ ಕೈ ಸರಿಸಿ ಅವನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

"ಇರ್ಲಿ ಬಿಡು. ಇವನ್ನ ನಾ ಒಬ್ಬಾಕಿನ ಸುಲೀತೀನಿ."