ಬಕೆಟ್ಟಿಗೆ ಇಳಿಯದ ಮಾನಸ ಸರೋವರ

ಮಾನಸ ಸರೋವರದಲ್ಲಿ ಒಂದು ಮುಳುಗು ಹಾಕಬೇಕೆಂಬುದು ನಮ್ಮ ಅತ್ತೆಯ ಬಹುಕಾಲದ ಆಸೆ. ಮಾವ ಇದ್ದಾಗ ಇಬ್ಬರೂ ಕೂಡಿ ಹೋಗುವ ಮಾತಾಗಿತ್ತಂತೆ. ಧಾರವಾಡದಿಂದ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದ ವರ್ಷ ಡಾಕ್ಟರು, ಅಷ್ಟು ಎತ್ತರದ ಗಾಳಿ ಇವರ ಉಸಿರಿಗೆ ಆಗದು ಎಂದುಬಿಟ್ಟರು. ಅತ್ತೆ ಆ ವಾರವಿಡೀ ಸಕ್ಕರೆಯಿಲ್ಲದ ಚಹಾ ಕುಡಿದರು. ಅದು ಅವರ ಸಿಟ್ಟಿನ ರೀತಿ.

ಸಮಾಧಾನಕ್ಕೆಂದು ನಾನೇ ಮಾತು ತೆಗೆದೆ. "ಅತ್ತಿ, ದಿನಾ ಜಳಕದ ಮುಂದ ಬಕೆಟ್ಟಿನೊಳಗ ಗಂಗಾ, ಯಮುನಾ ಎಲ್ಲಾರನೂ ಕರೀತೀರಿ. ಮಾನಸ ಸರೋವರನೂ ಕರದುಬಿಡ್ರಿ."

"ಗಂಗಾ ಹರಿಯೂ ನೀರವಾ, ಕರದಲ್ಲೆ ಬರ್ತಾಳ. ಸರೋವರ ಕುಂತ ನೀರು. ಎತ್ತರದಾಗ ಕುಂತದ. ನಾವೂ ಎತ್ತರಕ್ಕ ಹೋಗಿ ಕರದ್ರಷ್ಟ ಬರತದ."

ಸಿಡ್ನಿಗೂ ಮೆಲ್ಬರ್ನಿಗೂ ನಡುವಿನ ಹಿಮದ ಬೆಟ್ಟಗಳಲ್ಲಿ ಒಂದು ಸರೋವರವಿತ್ತು. ಆ ಎತ್ತರಕ್ಕೆ ಅಡ್ಡಿಯಿಲ್ಲ ಎಂದರು ಡಾಕ್ಟರು. ನಮ್ಮವರು ಮಾತ್ರ ಕರಾರು ಹಾಕಿದರು: "ತಲಿಮ್ಯಾಲೆ ನಾಕು ಹನಿ ಪ್ರೋಕ್ಷಣೆ, ಅಷ್ಟ. ನೀರಿಗೆ ಇಳಿಯೂ ಹಂಗಿಲ್ಲ ಅವ್ವಾ."

"ಆತು" ಎಂದರು ಅತ್ತೆ. ಅಷ್ಟು ಬೇಗ ಒಪ್ಪಿದ್ದನ್ನು ನೋಡಿಯೇ ನಾನು ಚೀಲದಲ್ಲಿ ಇನ್ನೊಂದು ಸೀರೆ, ಉಣ್ಣೆಯ ಕಾಲುಚೀಲ, ದಪ್ಪ ಟವೆಲು ಇಟ್ಟುಕೊಂಡೆ.

ಮೆಲ್ಬರ್ನಿನ ಕ್ರಾನ್‌ಬರ್ನ್‌ನಿಂದ ಮೈದುನನೂ ಬಂದು ಬೆಟ್ಟದ ಬುಡದಲ್ಲಿ ಕೂಡಿಕೊಂಡ. ಇಲ್ಲಿನ ಬೇಸಿಗೆಯಾದ ಜನವರಿಯ ಬಿಸಿಲಿದ್ದರೂ ಬಂಡೆಗಳ ಸಂದಿಯಲ್ಲಿ ಹಿಮ ಉಳಿದಿತ್ತು. ಅತ್ತೆ ಸೀರೆಯ ಕೆಳಗೆ ನನ್ನ ಸ್ಪೋರ್ಟ್ಸ್ ಶೂ ಹಾಕಿಕೊಂಡು, ಕೂತು ಎದ್ದು, ಅವಲಕ್ಕಿ ತಿಂದು, ಅಂತೂ ದಡ ಮುಟ್ಟಿದರು. ನಮ್ಮವರು ಅವರ ಮೊಣಕೈ ಬಿಡಲೇ ಇಲ್ಲ.

"ಹಾದೀ ಕೆಸರು ಹತ್ತೇದ. ಸೀರಿ ಬದಲಸಬೇಕು. ಗಂಡಸರು ಆ ಕಡೆ ತಿರುಗ್ರಿ," ಎಂದರು ಅತ್ತೆ.

ಅಣ್ಣ ತಮ್ಮ ಇಬ್ಬರೂ ದೂರ ಸರಿದು, ಬೆನ್ನು ಹಾಕಿ, ಮಾರ್ಟ್‌ಗೇಜಿನ ಮಾತು ಶುರು ಮಾಡಿದರು. ಅತ್ತೆ ನನ್ನ ಕೈ ಹಿಡಿದು, ಉಟ್ಟ ಸೀರೆಯಲ್ಲೇ ಸೊಂಟದವರೆಗೆ ಇಳಿದರು. ಕಣ್ಣು ಮುಚ್ಚಿ ಮಾನಸ ಸರೋವರವನ್ನು ಕರೆದರು. ಮೆಲ್ಲಗೆ ಮಾವನ ಹೆಸರನ್ನೂ ಹೇಳಿದಂತಾಯಿತು. ಆಮೇಲೆ ಬುಳುಕ್ಕನೆ ಮುಳುಗಿ, "ಅಯ್ಯಯ್ಯಪ್ಪೋ!" ಎಂದು ಎದ್ದರು.

"ಏನಾತವ್ವಾ?" ನಮ್ಮವರು ಬೆನ್ನು ತಿರುಗಿಸಿಕೊಂಡೇ ಕೂಗಿದರು. ತಿರುಗಿ ನೋಡುವಂತಿಲ್ಲ ಪಾಪ!

"ಏನಿಲ್ಲಪಾ, ಪ್ರೋಕ್ಷಣೆ ಸ್ವಲ್ಪ ಜೋರಾತು."

ಹಲ್ಲು ಕಟಕಟ ಅನ್ನುತ್ತಿದ್ದರೂ ಅತ್ತೆಯ ಮುಖ ಅರಳಿತ್ತು. ಟವೆಲು ಸುತ್ತುತ್ತ ಕೇಳಿದೆ, "ಬಂತೇನ್ರಿ ಅತ್ತಿ, ಮಾನಸ ಸರೋವರ?"

"ಬರದ ಏನು! ಬರೇ ಆಸ್ಟ್ರೇಲಿಯಾದ ನೀರಿಗೆ ಇಷ್ಟು ಥಂಡಿ ಎಲ್ಲಿಂದ ಬರಬೇಕು?" ಎಂದವರೇ ನನ್ನ ಬೆನ್ನಿಗೆ ಕೈ ಹಚ್ಚಿದರು. "ಅದು ವಾಪಸ್ ಹೋಗೂದರೊಳಗ ನೀನೂ ಇಳಿ, ಲಗೂನ."

ಆ ಇನ್ನೊಂದು ಸೀರೆ ಅತ್ತೆಗಾಯಿತು. ನಾನು ಕಾರಿನವರೆಗೂ ನಮ್ಮವರ ಜಾಕೆಟ್ಟಿನಲ್ಲಿ ನಡುಗುತ್ತ ಬಂದೆ.