ಎರಡು ಕಿವಿಯ ಆನೆ

ಇಪ್ಪತ್ತೆರಡು ವರ್ಷ ಪ್ರೈಮರಿ ಸ್ಕೂಲಿನ ಮಕ್ಕಳನ್ನು ಕಣ್ಣಲ್ಲೇ ಗದರಿಸಿ ಕೂರಿಸಿದ್ದ ಭಾಗೀರಥಮ್ಮನಿಗೆ, ಅಕ್ಕಪಕ್ಕದವರು ಏನಾದರೂ ಅಂದುಕೊಂಡಾರು ಎಂದರೆ ಮಾತ್ರ ಜೀವ ಪುಕಪುಕ ಅನ್ನುತ್ತಿತ್ತು.

ಸಂಕ್ರಾಂತಿಗೆ ಅವರು ಚಾಮರಾಜಪೇಟೆಯ ಹನ್ನೆರಡು ಮಂದಿ ಗೆಳತಿಯರ ಮನೆಗೆ ಎಳ್ಳು ಬೀರುತ್ತಿದ್ದರು. ಕೊಬ್ಬರಿ, ಬೆಲ್ಲವನ್ನು ತಾವೇ ಸಣ್ಣಗೆ ಹೆಚ್ಚಿ ತಾರಸಿಯ ಬಿಸಿಲಿಗೆ ಹರವುವರು. ಸಕ್ಕರೆ ಅಚ್ಚಿಗೆ ಮಾತ್ರ ಹಿಂದಿನ ಬೀದಿಯ ನರಸಮ್ಮನ ಮನೆಯೇ ಆಗಬೇಕು. ಪಾಕ ಹುಯ್ಯುವ, ಎರಡು ಹೋಳಿನ ಮರದ ಅಚ್ಚುಗಳು ನರಸಮ್ಮನ ತಾಯಿಯ ಕಾಲದವು. ಹಬ್ಬಕ್ಕೆ ಮುಂಚಿನ ಶನಿವಾರ ನರಸಮ್ಮ ಅವನ್ನು ನೀರಿನಲ್ಲಿ ನೆನೆಹಾಕುವುದು, ಭಾನುವಾರ ಭಾಗೀರಥಮ್ಮ ಹೋಗಿ ಒಲೆಯ ಮುಂದೆ ಕೂರುವುದು, ಹತ್ತೊಂಬತ್ತು ವರ್ಷದಿಂದ ಹೀಗೇ. ಆನೆಯ ಅಚ್ಚು ಒಂದು ಕಡೆ ಸವೆದಿದ್ದರಿಂದ ಅದರಲ್ಲಿ ಬಂದ ಆನೆಗಳಿಗೆಲ್ಲ ಒಂದೇ ಕಿವಿ. ಬೀದಿಯ ಮಕ್ಕಳಿಗೆ ಅದೇ ಬೇಕು.

೧೯೯೭ರ ಕಾರ್ತಿಕದಲ್ಲಿ ನರಸಮ್ಮನ ಗಂಡ ತೀರಿಕೊಂಡರು. ಆ ವರ್ಷ ಅವರ ಮನೆಯಲ್ಲಿ ಹಬ್ಬವಿಲ್ಲ, ಸರಿ. ಅಚ್ಚು ಹುಯ್ಯುವುದಕ್ಕೇನು ಅಡ್ಡಿ ಎಂದೇ ಭಾಗೀರಥಮ್ಮ ಅಂದುಕೊಂಡಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಆಂಡಾಳ್ ಕಾಂಪೌಂಡಿನ ಆಚೆಯಿಂದ ಕೇಳಿದರು:

“ಈ ಸಲಾನೂ ಅಲ್ಲೇ ಮಾಡಿಸ್ತೀರಾ? ಮುತ್ತೈದೇರಿಗೆ ಕೊಡೋ ವಸ್ತು... ನಿಮ್ಮಿಷ್ಟಪ್ಪ, ನಾನೇನೂ ಹೇಳಲ್ಲ.”

ಏನೂ ಹೇಳುವುದಿಲ್ಲ ಎನ್ನುತ್ತಲೇ ಎಲ್ಲ ಹೇಳಿಯಾಗಿತ್ತು. ಭಾನುವಾರ ಭಾಗೀರಥಮ್ಮ ನಗರ್ತಪೇಟೆಯಲ್ಲಿ ಸಣ್ಣ ಡಬ್ಬಿಗಳನ್ನು ಕೊಂಡು, ಗಾಂಧಿಬಜಾರಿನಲ್ಲಿ ಕಬ್ಬು, ಅವರೆಕಾಯಿ ಮುಗಿಸಿ, ಅಲ್ಲೇ ಎರಡು ಕೆಜಿ ರೆಡಿಮೇಡ್ ಅಚ್ಚನ್ನೂ ಚೀಲಕ್ಕೆ ಹಾಕಿಕೊಂಡರು. ಪಾಪ, ದುಃಖದಲ್ಲಿರುವವಳಿಗೆ ಯಾಕೆ ತೊಂದರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಹೆದರಿಕೆಗೆ ಕನಿಕರ ಎಂದು ಹೆಸರಿಡುವುದರಲ್ಲಿ ನಾವೆಲ್ಲ ಗಟ್ಟಿಗರು. ನರಸಮ್ಮನಿಗೆ ಒಂದು ಮಾತು ಹೇಳಿ ಕಳಿಸಲೂ ಇಲ್ಲ.

ಬುಧವಾರ ಹಬ್ಬ. ಹನ್ನೊಂದು ಮನೆಗೆ ಎಳ್ಳು ಬೀರಿಯಾಯಿತು. “ಈ ಸಲ ಅಚ್ಚು ಎಷ್ಟು ನೀಟಾಗಿದೆ!” ಎಂದು ಆಂಡಾಳ್ ಹೊಗಳಿದರು. ಅಭ್ಯಾಸಬಲದಿಂದ ತುಂಬಿಸಿಟ್ಟಿದ್ದ ಹನ್ನೆರಡನೆಯ ಡಬ್ಬಿ, ನರಸಮ್ಮನ ಪಾಲಿನದು, ಮನೆಯಲ್ಲಿ ಉಳಿದಿತ್ತು. ಅರಿಸಿನ ಕುಂಕುಮದ ಬಟ್ಟಲನ್ನು ಅಲ್ಲೇ ಬಿಟ್ಟು, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿನ ಬೀದಿಗೆ ಹೋದರು.

ನರಸಮ್ಮ ಹಿತ್ತಲಿನಲ್ಲಿದ್ದರು. ಬಟ್ಟೆಕಲ್ಲಿನ ಮೇಲೆ ಮರದ ಅಚ್ಚುಗಳು ಸಾಲಾಗಿದ್ದವು, ಊದಿಕೊಂಡು, ಬಾಯಿ ಬಿಟ್ಟುಕೊಂಡು.

“ಇದೇನೇ ನರಸು, ಇವನ್ನ ಯಾಕೆ ತೆಗೆದೆ?”

“ಶನಿವಾರ ನೆನೆಹಾಕಿದ್ದೆ ಕಣೆ. ಭಾನುವಾರ ಬರ್ತೀಯ ಅಂತ ಸಕ್ಕರೇನೂ ತರಿಸಿಟ್ಟಿದ್ದೆ. ನಾಳೆ ಬರ್ತಾಳೆ, ನಾಳೆ ಬರ್ತಾಳೆ ಅಂತ ನೀರಲ್ಲೇ ಬಿಟ್ಟೆ. ಈಗ ಒಂದಕ್ಕೊಂದು ಕೂಡ್ತಾನೇ ಇಲ್ಲ.”

“ನಿಂಗೆ ತೊಂದ್ರೆ ಆಗತ್ತೇಂತ...”

“ಅವರು ಹೋದ್ಮೇಲೆ ನಾನು ಕಾಯ್ಕೊಂಡಿದ್ದು ಅದೊಂದು ದಿನಕ್ಕೇ ಕಣೆ.” ನರಸಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. “ಯಾರಾದ್ರೂ ಹೇಳಿದ್ರಾ, ಇಲ್ಲಾ ನಿಂಗೇ ಅನ್ನಿಸ್ತಾ?”

ಭಾಗೀರಥಮ್ಮ ಬಾಯಿ ತೆರೆದರು. ಆಂಡಾಳ್ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಆದರೆ ಆಂಡಾಳ್ ಅಂದಿದ್ದು ಒಂದು ಮಾತು ಮಾತ್ರ, ಬಸ್ಸು ಹತ್ತಿ ಅಂಗಡಿಗೆ ಹೋಗಿದ್ದು ತಾವೇ. ಡಬ್ಬಿಯನ್ನು ಮುಂದೆ ಚಾಚಿದರು.

ನರಸಮ್ಮ ಬೇಡವೆನ್ನಲಿಲ್ಲ. ಮುಚ್ಚಳ ತೆಗೆದು, ಎಳ್ಳಿನ ನಡುವಿನಿಂದ ಬಿಳಿಯ ಆನೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಎರಡು ಕಿವೀನೂ ಇದೆ,” ಅಂದರು.