ಟ್ರೈ ಮಾಡುವ ಸುದರ್ಶನ

ದಂಡಿಗನಹಳ್ಳಿಯ ನಮ್ಮ ಪುಡಿ ಲೀಡರ್ ಸುದರ್ಶನನ ಬಾಯಲ್ಲಿರುವುದು ಒಂದೇ ಇಂಗ್ಲಿಷ್ ಮಾತು, ಟ್ರೈ. ಟೀ ಅಂಗಡಿಯ ಬೆಂಚೇ ಅವನ ಕಚೇರಿ. ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಗಿರಲಿ, ಪಿಂಚಣಿ ನಿಂತಿರಲಿ, ಎಮ್ಮೆ ಗಬ್ಬ ಕಟ್ಟದಿರಲಿ, ಹೆಗಲ ಮೇಲೆ ಕೈಹಾಕಿ "ಟ್ರೈ ಮಾಡ್ತೀನಿ ಬುಡಣ್ಣ" ಅನ್ನುತ್ತಾನೆ. ಹಾಗೆಂದರೆ ಆಗುವುದಿಲ್ಲ ಎಂದು ಊರಿನ ಕೂಸಿಗೂ ಗೊತ್ತು. ಒಮ್ಮೆ ಕೇದಾರ್ ಮೇಷ್ಟ್ರು, ಆ ಮಾತು ಫ್ರೆಂಚಿನಿಂದ ಬಂದದ್ದು, ಕಾಳು ಕೇರಿದ ಹಾಗೆ ಒಳ್ಳೆಯದನ್ನು ಬೇರ್ಪಡಿಸಿ ಆರಿಸುವುದೇ ಅದರ ಮೊದಲ ಅರ್ಥ ಎಂದು ವಿವರಿಸಿದರು. "ಮೊರ ಇಡ್ಯೋದು ನಮ್ ಎಂಗಸ್ರ ಕೆಲ್ಸ ಕಣ್ ಸಾ" ಎಂದು ಇವನು ನಕ್ಕ. ನನಗೆ ನಗು ಬರಲಿಲ್ಲ. ಬೆಳಗಿನ ಬಸ್ಸು ಮೇನ್ ರೋಡಿನ ನಮ್ಮೂರ ಗೇಟಿನಲ್ಲಿ ನಿಲ್ಲುವಂತೆ ಮಾಡಿಸು ಎಂದು ಅವನ ಮುಂದೆ ವರ್ಷಗಟ್ಟಲೆ ಕೈಕಟ್ಟಿ ನಿಂತವನು ನಾನು. "ಟ್ರೈ ಮಾಡ್ತಾವ್ನಿ ಕಣಣ್ಣ" ಅನ್ನುತ್ತಲೇ ಇದ್ದ. ಬಸ್ಸು ನಿಲ್ಲಲಿಲ್ಲ, ನನ್ನ ಮಗಳು ಸಿಂಧು ಕಾಲೇಜು ಬಿಟ್ಟು ಮನೆಯಲ್ಲಿ ಕೂತಳು. ಮೊನ್ನೆ ಅವನ ಕೊರಳಪಟ್ಟಿ ಹಿಡಿದೇ ಕೇಳಬೇಕೆಂದು ಟೀ ಅಂಗಡಿಗೆ ನುಗ್ಗಿದೆ. ಅವನು ಆಗತಾನೇ ಚನ್ನರಾಯಪಟ್ಟಣಕ್ಕೆ ಹೋಗಿ, ದೊಡ್ಡ ಲೀಡರನ್ನು ಕಂಡು, ತಾಲ್ಲೂಕು ಪಂಚಾಯಿತಿ ಟಿಕೆಟ್ ಕೇಳಿ ಬಂದಿದ್ದ. ಬೆಂಚಿನಲ್ಲಿದ್ದವರಿಗೆಲ್ಲ ಟೀ ಹೇಳಿ, "ಟ್ರೈ ಮಾಡ್ತೀನಿ ಅಂತ ಅವ್ರೇ ಬಾಯ್ಬುಟ್ಟು ಅಂದವ್ರೆ ಕಣ್ರಲಾ! ಇನ್ನೇನಾಗ್ಬೇಕು?" ಎಂದ. ಅವನ ಕಣ್ಣು ತುಂಬಿಕೊಂಡಿತ್ತು. ಬರುವ ದಾರಿಯಲ್ಲೇ ಟೈಲರಿಗೆ ಹೊಸ ಬಿಳಿ ಅಂಗಿಯ ಅಳತೆಯನ್ನೂ ಕೊಟ್ಟು ಬಂದಿದ್ದ. ಎತ್ತಿದ ಕೈಯನ್ನು ಇಳಿಸಿದೆ. ಅವನ ಟೀ ಮಾತ್ರ ಕುಡಿಯಲಿಲ್ಲ.